ತುಂಡಾದ ನರಕ್ಕೆ ಗ್ರಾಫೀನ್ ಕೊಳವೆ: ಅದಕ್ಕಾಗಿ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಹುದೇ?

ಪ್ರಶ್ನೆ — ಅಡಿಕೆತೋಟ

ನಮಸ್ಕಾರ. ನನ್ನ ಭಾವಮೈದುನನಿಗೆ 38 ವರ್ಷ. ತೋಟದಲ್ಲಿ ಕಳೆ ಕೊಚ್ಚುವ ಯಂತ್ರದ ಅಲಗು ಮುರಿದು ಬಲಗೈಯ ಮುಂದೋಳಿಗೆ ಹೊಕ್ಕಿದ್ದರಿಂದ, ಮೊಣಕೈಗಿಂತ ಸ್ವಲ್ಪ ಕೆಳಗೆ ಕಿರುಬೆರಳಿನ ಕಡೆಗೆ ಹೋಗುವ ಅಲ್ನಾರ್ ನರ ಪೂರ್ತಿಯಾಗಿ ತುಂಡಾಗಿದೆ. ಗಾಯದೊಳಗೆ ಮಣ್ಣು ಸೇರಿದ್ದ ಕಾರಣ ವೈದ್ಯರು ಮೊದಲು ಅದನ್ನು ತೊಳೆದು ಮುಚ್ಚಿ, ನರದ ಎರಡು ತುದಿಗಳಿಗೂ ಗುರುತಿನ ಹೊಲಿಗೆ ಹಾಕಿ, ಜೋಡಣೆಯನ್ನು ಎರಡನೆಯ ಶಸ್ತ್ರಚಿಕಿತ್ಸೆಗೆ ಉಳಿಸಿಕೊಂಡಿದ್ದಾರೆ. ಈಗ ಗಾಯ ಮಾಗಿದೆ. ಕಿರುಬೆರಳಿಗೂ ಉಂಗುರಬೆರಳಿನ ಅರ್ಧಕ್ಕೂ ಸ್ಪರ್ಶವಿಲ್ಲ, ಎರಡೂ ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತಿವೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ಇಳಿಯತೊಡಗಿದೆ.

ಜಜ್ಜಿಹೋದ ತುದಿಗಳನ್ನು ಆರೋಗ್ಯವಾದ ಭಾಗ ಕಾಣುವವರೆಗೆ ಕತ್ತರಿಸಿದರೆ ಸುಮಾರು 4 ಸೆಂಟಿಮೀಟರ್ ಅಂತರ ಉಳಿಯುತ್ತದೆಂದೂ, ಅದನ್ನು ತುಂಬಲು ಕಾಲಿನ ಹಿಂಭಾಗದಿಂದ ಸೂರಲ್ ಎಂಬ ನರವನ್ನು ತೆಗೆದು ಕಸಿ ಮಾಡುವುದಾಗಿಯೂ ಶಸ್ತ್ರವೈದ್ಯರು ಹೇಳಿದ್ದಾರೆ. ಈ ನಡುವೆ ಮನೆಯವರೊಬ್ಬರು ಗ್ರಾಫೀನ್ (ಇಂಗಾಲದ ಅತಿ ತೆಳು ಹಾಳೆ) ಬೆರೆಸಿದ ಕೊಳವೆಯಿಂದ ಇಲಿಗಳ ನರ ಮತ್ತೆ ಬೆಳೆದ ಸುದ್ದಿಯನ್ನು ಓದಿ, ಒಳ್ಳೆಯ ಕಾಲಿನ ನರವನ್ನು ಕೀಳಿಸುವ ಬದಲು ಒಂದು ವರ್ಷ ಕಾದು ಆ ಚಿಕಿತ್ಸೆಯನ್ನೇ ಮಾಡಿಸೋಣ ಎಂದು ಪಟ್ಟು ಹಿಡಿದಿದ್ದಾರೆ. ಗ್ರಾಫೀನ್ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆಯಾದ್ದರಿಂದ ತುಂಡಾದ ಜಾಗದಲ್ಲಿ ಅದೇ ನರದ ಕೆಲಸವನ್ನು ಮಾಡುತ್ತದೆ ಎಂಬುದು ಅವರ ವಾದ. ಇದು ಸರಿಯೇ? ಈ ಚಿಕಿತ್ಸೆ ಈಗ ಎಲ್ಲಿಗೆ ಬಂದಿದೆ? ಕಾಯುವುದರಿಂದ ನಷ್ಟವೇನಾದರೂ ಇದೆಯೇ? ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ — ಇಂಗಾಲ

ನಾನು ಪಾಲಿಮರ್ ಮತ್ತು ಇಂಗಾಲದ ಸಂಯುಕ್ತ ವಸ್ತುಗಳ ಮೇಲೆ ಕೆಲಸ ಮಾಡುವವನು, ವೈದ್ಯನಲ್ಲ. ಆದ್ದರಿಂದ ವಸ್ತುವಿಗೆ ಸಂಬಂಧಿಸಿದ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

ಗ್ರಾಫೀನ್ ನರದ ಬದಲಿಗೆ ವಿದ್ಯುತ್ತನ್ನು ಹರಿಸುತ್ತದೆ ಎಂಬ ಕಲ್ಪನೆ ಸರಿಯಲ್ಲ. ನರವೆಂದರೆ ಕಡಿದುಹೋದ ತಾಮ್ರದ ತಂತಿಯಲ್ಲ, ಗ್ರಾಫೀನ್ ಅದಕ್ಕೆ ಹಾಕುವ ಬೆಸುಗೆಯೂ ಅಲ್ಲ. ತಂತಿಯಲ್ಲಿ ಎಲೆಕ್ಟ್ರಾನುಗಳು ಹರಿಯುತ್ತವೆ. ನರತಂತುವಿನಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳು ಪೊರೆಯ ಒಳಗೂ ಹೊರಗೂ ದಾಟುತ್ತಾ, ಆ ಬದಲಾವಣೆ ಪೊರೆಯ ಉದ್ದಕ್ಕೂ ಮುಂದೆ ಸಾಗುತ್ತದೆ. ಅದಕ್ಕೆ ಜೀವಂತ ಪೊರೆಯೇ ಬೇಕು. ಇದಕ್ಕಿಂತ ದೊಡ್ಡ ತೊಡಕೆಂದರೆ, ಗಾಯದಿಂದ ಕೆಳಗಿನ ನರತಂತುಗಳು ಈಗ ಅಲ್ಲಿ ಉಳಿದೇ ಇಲ್ಲ. 1850ರಲ್ಲಿ ಆಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರಗಳನ್ನು ಕತ್ತರಿಸಿ ನೋಡಿದಾಗ, ಜೀವಕೋಶದಿಂದ ಬೇರ್ಪಟ್ಟ ಭಾಗ ಕೆಲವೇ ದಿನಗಳಲ್ಲಿ ಚೂರುಚೂರಾಗಿ ನಶಿಸುವುದನ್ನು ದಾಖಲಿಸಿದರು. ಆ ಪ್ರಕ್ರಿಯೆ ಇಂದಿಗೂ ಅವರ ಹೆಸರಿನಲ್ಲೇ ಇದೆ. ಹೀಗಾಗಿ ಅಂತರದ ಆಚೆಗೆ ವಿದ್ಯುತ್ತನ್ನು ಮುಟ್ಟಿಸಿದರೂ ಅದನ್ನು ಪಡೆದು ಬೆರಳಿನವರೆಗೆ ಒಯ್ಯಲು ಯಾವುದೂ ಇರುವುದಿಲ್ಲ. ಮೇಲಿನ ತುದಿಯಿಂದ ಹೊಸ ತಂತುಗಳು ಮೊಳೆತು, ಅಂತರವನ್ನು ದಾಟಿ, ಹಳೆಯ ನರದ ಹಾದಿ ಹಿಡಿದು ಸ್ನಾಯುವಿನವರೆಗೂ ಬೆಳೆಯಬೇಕು. ಕೊಳವೆಯಾಗಲಿ ಕಸಿಯಾಗಲಿ ಮಾಡುವುದು ಈ ಬೆಳವಣಿಗೆಗೆ ಬೇಕಾದ ನೆರವನ್ನು ಮಾತ್ರ.

ಆ ನೆರವು ಯಾವ ಬಗೆಯದು ಎಂಬುದು ಸ್ವೀಡನ್ನಿನ ಯೋರಾನ್ ಲುಂಡ್‌ಬೋರ್ಗ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಇಲಿಯ ಹಿಂಗಾಲಿನ ದಪ್ಪ ನರವಾದ ಸಯಾಟಿಕ್ ನರದ ಮೇಲೆ ಮಾಡಿದ ಪ್ರಯೋಗಗಳಿಂದ ಸ್ಪಷ್ಟವಾಯಿತು. ನರದ ಎರಡು ತುದಿಗಳನ್ನು ಬರಿಯ ಸಿಲಿಕೋನ್ ಕೊಳವೆಯೊಳಗೆ ಎದುರುಬದುರಾಗಿ ಇಟ್ಟರೆ, ಮೊದಲು ಅದರೊಳಗೆ ದ್ರವ ತುಂಬಿಕೊಳ್ಳುತ್ತದೆ, ಕೆಲವು ದಿನಗಳಲ್ಲಿ ಫೈಬ್ರಿನ್ ಎಂಬ ಪ್ರೋಟೀನಿನ ತೆಳುವಾದ ಎಳೆಸೇತುವೆ ಏರ್ಪಡುತ್ತದೆ, ಬಳಿಕ ಅದರ ಮೇಲೆ ರಕ್ತನಾಳಗಳೂ, ನರತಂತುಗಳನ್ನು ಸುತ್ತಿಕೊಂಡು ಪೋಷಿಸುವ ಶ್ವಾನ್ ಕೋಶಗಳೂ ಸರಿದು ಬರುತ್ತವೆ, ಅವುಗಳ ಬೆನ್ನಿಗೆ ನರತಂತುಗಳು ಬರುತ್ತವೆ. ಅಂತರ 10 ಮಿಲಿಮೀಟರ್ ಇದ್ದಾಗ ಇದು ನಡೆಯಿತು. 15 ಮಿಲಿಮೀಟರ್ ಆದಾಗ ನಡೆಯಲಿಲ್ಲ. ರಕ್ತನಾಳಗಳ ಪಾತ್ರ ಇನ್ನೂ ಸ್ಪಷ್ಟವಾದದ್ದು 2015ರಲ್ಲಿ: ತುಂಡಾದ ಜಾಗದಲ್ಲಿ ಆಮ್ಲಜನಕ ಕಡಿಮೆಯಾದುದನ್ನು, ಕಸವನ್ನು ನುಂಗಿ ತೆಗೆಯುವ ರಕ್ಷಣಾ ಕೋಶಗಳಾದ ಮ್ಯಾಕ್ರೋಫೇಜ್ ಕೋಶಗಳು ಗ್ರಹಿಸಿ ರಕ್ತನಾಳಗಳನ್ನು ಬೆಳೆಯಿಸುತ್ತವೆ, ಶ್ವಾನ್ ಕೋಶಗಳು ಆ ನಾಳಗಳನ್ನೇ ಹಿಡಿದುಕೊಂಡು ಅಂತರವನ್ನು ದಾಟುತ್ತವೆ ಎಂದು ಲಂಡನ್ನಿನ ತಂಡವೊಂದು ತೋರಿಸಿತು.

ಗ್ರಾಫೀನ್ ಈ ಚಿತ್ರದೊಳಗೆ ಬರುವುದು ಕೊಳವೆಯ ಗೋಡೆಯ ಗುಣವನ್ನು ಬದಲಿಸುವ ವಸ್ತುವಾಗಿ. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಮ್ ಮತ್ತು ನೊವೊಸೆಲೊವ್ ಗ್ರಾಫೈಟಿನಿಂದ ಅಂಟುಪಟ್ಟಿ ಬಳಸಿ ಬಿಡಿಸಿ ತೆಗೆದ, 2010ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ಆ ಒಂದೇ ಪರಮಾಣು ದಪ್ಪದ ಹಾಳೆಯಿಂದಲೇ ಯಾರೂ ಕೊಳವೆ ಮಾಡುವುದಿಲ್ಲ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪಾಲಿಮರ್ ಅಥವಾ ಜೆಲಾಟಿನ್‌ನಂತಹ ಪರಿಚಿತ ವಸ್ತುವಿಗೆ ಗ್ರಾಫೀನ್, ಗ್ರಾಫೀನ್ ಆಕ್ಸೈಡ್ ಅಥವಾ ಅದರಿಂದ ಆಮ್ಲಜನಕವನ್ನು ಬಹುಮಟ್ಟಿಗೆ ತೆಗೆದ ರೂಪದ ಸಣ್ಣ ಹಾಳೆಚೂರುಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ಇದರಿಂದ ಗೋಡೆಗೆ ಬಲ ಬರುತ್ತದೆ, ಲ್ಯಾಮಿನಿನ್‌ನಂತಹ ಪ್ರೋಟೀನುಗಳು ಮೇಲ್ಮೈಗೆ ಚೆನ್ನಾಗಿ ಅಂಟಿಕೊಳ್ಳುವುದರಿಂದ ಕೋಶಗಳಿಗೆ ಕಾಲೂರಲು ಜಾಗ ಸಿಗುತ್ತದೆ, ಜೊತೆಗೆ ಗೋಡೆ ಒಂದಿಷ್ಟು ವಿದ್ಯುದ್ವಾಹಕವೂ ಆಗುತ್ತದೆ.

ನಿಮ್ಮ ಮನೆಯವರು ಓದಿದ ಸುದ್ದಿ ಬಹುಶಃ ಶಾಂಘೈನ ತಂಡ 2018ರಲ್ಲಿ ಪ್ರಕಟಿಸಿದ ಕೆಲಸಕ್ಕೆ ಸಂಬಂಧಿಸಿದ್ದು. ಅವರು ಪಾಲಿಕ್ಯಾಪ್ರೊಲ್ಯಾಕ್ಟೋನ್ ಮತ್ತು ಗ್ರಾಫೀನನ್ನು ಪದರಪದರವಾಗಿ ಎರೆದು, ಕೋಶಗಳು ಅಂಟಿಕೊಳ್ಳಲೆಂದು ಪಾಲಿಡೋಪಮೈನ್ ಮತ್ತು ಒಂದು ಪೆಪ್ಟೈಡಿನ ಲೇಪ ಕೊಟ್ಟು, ಗೋಡೆಯುದ್ದಕ್ಕೂ ಸೂಕ್ಷ್ಮ ರಂಧ್ರಗಳನ್ನು ಮಾಡಿದ ಕೊಳವೆಯನ್ನು ಇಲಿಯ ಸಯಾಟಿಕ್ ನರದ 15 ಮಿಲಿಮೀಟರ್ ಅಂತರಕ್ಕೆ ಜೋಡಿಸಿದರು. 18 ವಾರಗಳಲ್ಲಿ ಕಂಡ ಫಲಿತಾಂಶ ಸ್ವಂತ ನರದ ಕಸಿಗೆ ಸಮೀಪವಾಗಿತ್ತು. ದಕ್ಷಿಣ ಕೊರಿಯಾದ ಗ್ವಾಂಗ್ಜುವಿನಿಂದ 2020ರಲ್ಲಿ ಬಂದ, ಜೆಲಾಟಿನ್ ಜೆಲ್ಲಿನೊಳಗೇ ಗ್ರಾಫೀನ್ ಆಕ್ಸೈಡನ್ನು ಅಪಕರ್ಷಿಸಿ (ಅದರ ಆಮ್ಲಜನಕವನ್ನು ತೆಗೆದು) ಮಾಡಿದ ಮೃದು ಕೊಳವೆಯ ಕೆಲಸವೂ ಚೆನ್ನಾಗಿದೆ. ನರದ ಮೃದುತ್ವಕ್ಕೆ ಅದು ಹೆಚ್ಚು ಹತ್ತಿರ ಎಂಬುದು ನನ್ನ ಅಭಿಪ್ರಾಯ. ಆದರೆ ಇಂತಹ ಲೇಖನಗಳನ್ನು ಓದುವಾಗ ನನಗೆ ಸದಾ ಒಂದು ಅನುಮಾನ ಉಳಿಯುತ್ತದೆ. ಲೇಪ, ರಂಧ್ರ, ಗಡಸುತನ, ವಾಹಕತೆ ಇವೆಲ್ಲ ಒಟ್ಟಿಗೇ ಬದಲಾದಾಗ ಒಳಿತಿನಲ್ಲಿ ಗ್ರಾಫೀನಿನ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಸುದ್ದಿಯ ತಲೆಬರಹಕ್ಕೆ ಮಾತ್ರ ಯಾವಾಗಲೂ ಗ್ರಾಫೀನೇ ಬರುತ್ತದೆ.

ಉತ್ತರ — ಹಸ್ತವೈದ್ಯ

ಕೈಯ ಶಸ್ತ್ರಚಿಕಿತ್ಸೆ ನನ್ನ ವೃತ್ತಿ. ರೋಗಿಯನ್ನು ನೋಡದೆ ಸಲಹೆ ಕೊಡಬಾರದು ಎಂಬ ಮಿತಿಯೊಳಗೆ ಬರೆಯುತ್ತಿದ್ದೇನೆ. ವರ್ಷ ಕಾಯುವುದರಿಂದ ನಷ್ಟವಿದೆಯೇ ಎಂಬ ಕೊನೆಯ ಪ್ರಶ್ನೆಯನ್ನೇ ನೀವು ಮೊದಲು ಕೇಳಬೇಕಿತ್ತು, ಏಕೆಂದರೆ ಉಳಿದವುಗಳ ಉತ್ತರ ಏನೇ ಇದ್ದರೂ ನಿರ್ಧಾರವಾಗುವುದು ಅದರಿಂದಲೇ.

ಮನುಷ್ಯರಲ್ಲಿ ನರತಂತು ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಮೊಣಕೈಯ ಕೆಳಗಿನಿಂದ ಅಂಗೈಯ ಸಣ್ಣ ಸ್ನಾಯುಗಳವರೆಗಿನ ದೂರವನ್ನು 25 ಸೆಂಟಿಮೀಟರ್ ಎಂದು ಇಟ್ಟುಕೊಂಡರೂ 250 ದಿನ ಬೇಕು. ಅದರ ಮೇಲೆ ಬೆಳವಣಿಗೆ ಆರಂಭವಾಗುವುದಕ್ಕೂ ಕಸಿಯ ಎರಡು ಜೋಡಣೆಗಳನ್ನು ದಾಟುವುದಕ್ಕೂ ಕೆಲವು ವಾರಗಳು ಸೇರುತ್ತವೆ. ಅಂದರೆ ಇಂದೇ ಜೋಡಿಸಿದರೂ ಮೊದಲ ತಂತು ಸ್ನಾಯುವನ್ನು ಮುಟ್ಟುವ ಹೊತ್ತಿಗೆ ಒಂಬತ್ತು ಹತ್ತು ತಿಂಗಳಾಗುತ್ತದೆ. ನರವಿಲ್ಲದ ಸ್ನಾಯು ಅಷ್ಟು ಕಾಲ ಹೇಗೋ ಕಾಯುತ್ತದೆ. ಆದರೆ 12ರಿಂದ 18 ತಿಂಗಳು ಕಳೆದ ಮೇಲೆ ಅದು ಒಣಗಿ, ನಾರು ಮತ್ತು ಕೊಬ್ಬು ತುಂಬಿಕೊಂಡು, ನರ ಬಂದು ಮುಟ್ಟಿದರೂ ಎಚ್ಚರಗೊಳ್ಳದ ಸ್ಥಿತಿಗೆ ಹೋಗುತ್ತದೆ. ಇದರ ಜೊತೆಗೆ, ಕೆಳಗಿನ ನರದಲ್ಲಿ ಸಾಲಾಗಿ ನಿಂತು ಹೊಸ ತಂತುಗಳಿಗೆ ದಾರಿ ತೋರಿಸುವ ಶ್ವಾನ್ ಕೋಶಗಳ ಸಾಮರ್ಥ್ಯವೂ ತಿಂಗಳು ಕಳೆದಂತೆ ಕುಂದುತ್ತಾ ಹೋಗುತ್ತದೆ. ನೀವು ಒಂದು ವರ್ಷ ಕಾದು ಜಗತ್ತಿನ ಅತ್ಯುತ್ತಮ ಕೊಳವೆಯನ್ನೇ ಹಾಕಿಸಿದರೂ ತಂತು ಅಂಗೈಗೆ ಬಂದು ತಲುಪುವುದು ಎರಡು ವರ್ಷದ ಹತ್ತಿರಕ್ಕೆ; ಆಗ ಅಲ್ಲಿ ಚಲಿಸಬಲ್ಲ ಸ್ನಾಯು ಇರುವುದಿಲ್ಲ. ಸ್ಪರ್ಶಕ್ಕೆ ಈ ಗಡುವು ಅಷ್ಟು ಕಠಿಣವಲ್ಲ, ತಡವಾಗಿ ಜೋಡಿಸಿದರೂ ಸ್ವಲ್ಪ ಮಟ್ಟಿನ ರಕ್ಷಣಾತ್ಮಕ ಸ್ಪರ್ಶ ಬರಬಹುದು. ಅಲ್ನಾರ್ ನರದಲ್ಲಿ ನಾವು ಮುಖ್ಯವಾಗಿ ಕಳೆದುಕೊಳ್ಳುವುದು ಹಿಡಿತದ ಬಲವನ್ನು ಮತ್ತು ಬೆರಳುಗಳ ಸೂಕ್ಷ್ಮ ಚಲನೆಯನ್ನು.

ಕೊಳವೆ ಎಂಬುದು ಹೊಸದೇನೂ ಅಲ್ಲ ಎಂಬುದನ್ನೂ ಹೇಳಬೇಕು. ಪಾಲಿಗ್ಲೈಕೋಲಿಕ್ ಆಮ್ಲದ ಕೊಳವೆಗೆ 1999ರಲ್ಲಿಯೂ ಕೊಲಾಜೆನ್ ಕೊಳವೆಗೆ 2001ರಲ್ಲಿಯೂ ಅಮೆರಿಕದ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿದೆ. ಅವುಗಳನ್ನು ಬಳಸುವುದು ಬಹುಮಟ್ಟಿಗೆ ಬೆರಳಿನ ಸ್ಪರ್ಶನರಗಳಂತಹ ಸಣ್ಣ ನರಗಳಿಗೆ, ಅದೂ 3 ಸೆಂಟಿಮೀಟರಿಗಿಂತ ಕಡಿಮೆ ಅಂತರಕ್ಕೆ. ನಿಮ್ಮದು 4 ಸೆಂಟಿಮೀಟರ್, ಚಲನೆ ಮತ್ತು ಸ್ಪರ್ಶ ಎರಡೂ ಇರುವ ದಪ್ಪ ನರ. ಇಂತಹ ಕಡೆ ಸ್ವಂತ ನರದ ಕಸಿಯನ್ನು ಮೀರಿಸಿದ ಸಾಧನ ಸದ್ಯಕ್ಕೆ ಇಲ್ಲ. ಎಳೆದು ಬಿಗಿಯಾಗಿ ಹೊಲಿಯುವುದಕ್ಕಿಂತ ನರದ ಒಳಗಿನ ಕಟ್ಟುಗಳನ್ನು ಬಿಡಿಸಿ, ನಡುವೆ ಎಳೆತವಿಲ್ಲದಂತೆ ಕಸಿಯ ತುಂಡುಗಳನ್ನು ಇಡುವುದೇ ಮೇಲು ಎಂಬುದನ್ನು ವಿಯೆನ್ನಾದ ಹಾನೋ ಮಿಲೆಸಿ 1970ರ ದಶಕದಲ್ಲಿ ಸ್ಥಾಪಿಸಿದರು. ನಿಮ್ಮ ವೈದ್ಯರು ಹೇಳುತ್ತಿರುವುದು ಅದೇ ಪರಂಪರೆಯ ಶಸ್ತ್ರಕ್ರಿಯೆ. ಕಸಿಯ ನರದೊಳಗೆ ಜೀವಂತ ಶ್ವಾನ್ ಕೋಶಗಳೂ ಸಿದ್ಧವಾದ ಹಾದಿಗಳೂ ಇರುತ್ತವೆ. ಖಾಲಿ ಕೊಳವೆಗೆ ಅವೆರಡೂ ಇಲ್ಲ.

ಕಾಲಿನ ನರ ಹೋಗುತ್ತದೆಂಬ ಆತಂಕಕ್ಕೆ: ಸೂರಲ್ ನರ ಸ್ಪರ್ಶಕ್ಕೆ ಮಾತ್ರ ಸಂಬಂಧಿಸಿದ್ದು. ಪಾದದ ಹೊರ ಅಂಚಿನಲ್ಲಿ ಮರಗಟ್ಟಿದ ಒಂದು ಪಟ್ಟಿ ಉಳಿಯುತ್ತದೆ, ಅದರ ವಿಸ್ತಾರ ಕಾಲಕ್ರಮದಲ್ಲಿ ತುಸು ಕುಗ್ಗುತ್ತದೆ. ಕೆಲವರಿಗೆ ತೆಗೆದ ಜಾಗದಲ್ಲಿ ನೋವಿನ ಗಂಟಾಗುವ ಸಾಧ್ಯತೆಯಿದೆ. ನಡಿಗೆಗೆ ತೊಂದರೆಯಿಲ್ಲ.

ಮರುಪ್ರಶ್ನೆ — ಅಡಿಕೆತೋಟ

ಇಬ್ಬರಿಗೂ ಕೃತಜ್ಞತೆಗಳು. ಲೆಕ್ಕವನ್ನು ಮನೆಯವರ ಮುಂದಿಟ್ಟಿದ್ದೇನೆ, ಕಾಯುವ ಮಾತು ಬಹುಮಟ್ಟಿಗೆ ನಿಂತಿದೆ. ಉಳಿದಿರುವ ಎರಡು ಸಂದೇಹಗಳನ್ನು ಕೇಳುತ್ತೇನೆ. ಇಲಿಗಳಲ್ಲಿ ಕಸಿಗೆ ಸಮನಾಗಿ ಕೆಲಸ ಮಾಡಿದ ವಸ್ತು ಇಷ್ಟು ವರ್ಷಗಳಾದರೂ ಮನುಷ್ಯರಿಗೆ ಏಕೆ ಬಂದಿಲ್ಲ? ಗ್ರಾಫೀನ್ ಬೇಡವಾದರೂ, ವಿದ್ಯುತ್ ಪ್ರಚೋದನೆಯಿಂದ ನರ ಬೇಗ ಬೆಳೆಯುತ್ತದೆಂಬ ಮಾತಿನಲ್ಲಿ ಹುರುಳಿದೆಯೇ?

ಉತ್ತರ — ಸಂದೇಹಿ

ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ. ವೈದ್ಯಕೀಯ ಸಾಧನಗಳ ಸುರಕ್ಷತಾ ಪರೀಕ್ಷೆಗಳ ಕ್ಷೇತ್ರದಲ್ಲಿದ್ದೇನೆ.

ಇಲಿಯ ನರ ಮನುಷ್ಯನದಕ್ಕಿಂತ ವೇಗವಾಗಿ ಬೆಳೆಯುತ್ತದೆ, ಅದು ಕ್ರಮಿಸಬೇಕಾದ ದಾರಿಯೂ ಕೆಲವೇ ಸೆಂಟಿಮೀಟರ್. ಹಸ್ತವೈದ್ಯರು ಹೇಳಿದ ಸ್ನಾಯು ಒಣಗುವ ಸಮಸ್ಯೆ ಇಲಿಯಲ್ಲಿ ತಲೆದೋರುವ ಮೊದಲೇ ನರ ಗುರಿ ಮುಟ್ಟಿಬಿಟ್ಟಿರುತ್ತದೆ. ಆದ್ದರಿಂದ 15 ಮಿಲಿಮೀಟರಿನ ಗೆಲುವು ಮನುಷ್ಯನ ಮುಂದೋಳಿನ 4 ಸೆಂಟಿಮೀಟರಿಗೂ ಅದರಾಚೆಯ ಗೇಣುದ್ದದ ಹಾದಿಗೂ ನೇರವಾಗಿ ಅನ್ವಯಿಸುವುದಿಲ್ಲ. ಎಷ್ಟೋ ಕೊಳವೆಗಳು ಇಲಿಯಲ್ಲಿ ಗೆದ್ದು ಮುಂದಕ್ಕೆ ಹೋಗದೆ ನಿಂತಿವೆ, ಗ್ರಾಫೀನ್ ಇಲ್ಲದವೂ ಸೇರಿದಂತೆ.

ಎರಡನೆಯ ತೊಡಕು ಗ್ರಾಫೀನಿನದೇ. ಪಾಲಿಕ್ಯಾಪ್ರೊಲ್ಯಾಕ್ಟೋನ್ ದೇಹದಲ್ಲಿ ನಿಧಾನವಾಗಿ ಕರಗಿಹೋಗುತ್ತದೆ. ಅದರೊಳಗಿದ್ದ ಇಂಗಾಲದ ಚೂರುಗಳು ಆಗ ಬಿಡುಗಡೆಯಾಗಿ, ಬೆಳೆಯುತ್ತಿರುವ ನರದ ಪಕ್ಕದಲ್ಲೇ ಉಳಿಯುತ್ತವೆಯೋ, ಮ್ಯಾಕ್ರೋಫೇಜ್ ಕೋಶಗಳ ಹೊಟ್ಟೆ ಸೇರುತ್ತವೆಯೋ, ದುಗ್ಧಗ್ರಂಥಿಗಳಿಗೆ ಹೋಗುತ್ತವೆಯೋ ಎಂಬುದಕ್ಕೆ ವರ್ಷಗಳ ಅವಧಿಯ ಸಾಕ್ಷ್ಯ ಬೇಕು. ಒಳ್ಳೆಯ ಸುದ್ದಿಯೂ ಇಲ್ಲದಿಲ್ಲ: ನಮ್ಮ ಬಿಳಿರಕ್ತಕಣಗಳಲ್ಲಿರುವ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ, ನೀರಿನಲ್ಲಿ ಚೆನ್ನಾಗಿ ಹರಡಿಕೊಂಡ ಗ್ರಾಫೀನ್ ಆಕ್ಸೈಡನ್ನು ಒಡೆಯಬಲ್ಲದು ಎಂಬುದನ್ನು 2015ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಲಾಯಿತು. 2024ರಲ್ಲಿ ಎಡಿನ್‌ಬರೋದಲ್ಲಿ 14 ಮಂದಿ ಸ್ವಯಂಸೇವಕರು ಅತಿ ಶುದ್ಧ ಗ್ರಾಫೀನ್ ಆಕ್ಸೈಡನ್ನು ನಿಯಂತ್ರಿತ ಪ್ರಮಾಣದಲ್ಲಿ ಉಸಿರಾಡಿದಾಗ ಗಂಭೀರವಾದ ತಕ್ಷಣದ ಹಾನಿ ಕಂಡುಬರಲಿಲ್ಲ. ಆದರೆ ಕೆಲವು ಗಂಟೆ ಉಸಿರಾಡುವುದು ಬೇರೆ, ನರದ ಸುತ್ತ ವರ್ಷಗಟ್ಟಲೆ ಇಟ್ಟುಕೊಳ್ಳುವುದು ಬೇರೆ.

ಮೂರನೆಯದು ನಿಯಂತ್ರಕರಿಗೆ ನಿಜಕ್ಕೂ ತಲೆನೋವಿನ ವಿಷಯ. ಗ್ರಾಫೀನ್ ಎಂಬ ಒಂದೇ ಹೆಸರಿನಡಿ ಎಷ್ಟೋ ವಸ್ತುಗಳಿವೆ. ಚೂರಿನ ಅಗಲ, ಪದರಗಳ ಸಂಖ್ಯೆ, ಆಮ್ಲಜನಕದ ಪ್ರಮಾಣ ಬದಲಾದರೆ ಕೋಶಗಳ ಪ್ರತಿಕ್ರಿಯೆಯೂ ಬದಲಾಗುತ್ತದೆ. ಗ್ರಾಫೀನ್ ಆಕ್ಸೈಡನ್ನು ಇಂದಿಗೂ ಹೆಚ್ಚಾಗಿ 1958ರ ಹಮ್ಮರ್ಸ್ ವಿಧಾನದ ರೂಪಾಂತರಗಳಿಂದಲೇ ಮಾಡುವುದು. ಅದರಲ್ಲಿ ಗಂಧಕಾಮ್ಲವೂ ಪೊಟ್ಯಾಸಿಯಂ ಪರ್ಮ್ಯಾಂಗನೇಟೂ ಬಳಕೆಯಾಗುತ್ತವೆ, ತೊಳೆಯುವುದು ಸಾಲದಿದ್ದರೆ ಮ್ಯಾಂಗನೀಸ್ ಉಳಿಯುತ್ತದೆ. ಮ್ಯಾಂಗನೀಸ್ ನರಗಳಿಗೆ ಒಗ್ಗುವ ಲೋಹವಲ್ಲ. ಒಂದು ಪ್ರಯೋಗಾಲಯದ ಒಂದು ಕಂತಿನ ಫಲಿತಾಂಶ ಮುಂದಿನ ಕಂತಿಗೂ ಅನ್ವಯಿಸುತ್ತದೆ ಎಂದು ಸಾಬೀತುಪಡಿಸದೆ ಮನುಷ್ಯರ ಪರೀಕ್ಷೆಗೆ ಅನುಮತಿ ಸಿಗುವುದು ಕಷ್ಟ, ಸಿಗಲೂಬಾರದು.

ಉತ್ತರ — ಹಸ್ತವೈದ್ಯ

ವಿದ್ಯುತ್ ಪ್ರಚೋದನೆಯ ಮಾತಿನಲ್ಲಿ ಹುರುಳಿದೆ. ನನ್ನ ದೃಷ್ಟಿಯಲ್ಲಿ ಗ್ರಾಫೀನ್ ಕೊಳವೆಗಿಂತ ಅದೇ ರೋಗಿಗೆ ಹತ್ತಿರದಲ್ಲಿರುವುದು. ಕೆನಡಾದ ಟೆಸ್ಸಾ ಗಾರ್ಡನ್ ಅವರ ತಂಡ 2000ದಲ್ಲಿ ಇಲಿಗಳಲ್ಲಿ, ನರವನ್ನು ಜೋಡಿಸಿದ ಕೂಡಲೇ ಮೇಲಿನ ತುದಿಗೆ ಸೆಕೆಂಡಿಗೆ 20 ಬಾರಿಯಂತೆ ಒಂದೇ ಗಂಟೆ ಪ್ರಚೋದನೆ ಕೊಟ್ಟರೂ ತಂತುಗಳು ಜೋಡಣೆಯನ್ನು ಬೇಗ ದಾಟುವುದನ್ನು ತೋರಿಸಿತು. 2010ರಲ್ಲಿ ಅದೇ ಕ್ರಮವನ್ನು ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ರೋಗಿಗಳಲ್ಲಿ ಪರೀಕ್ಷಿಸಿದಾಗಲೂ ಹೆಬ್ಬೆರಳಿನ ಸ್ನಾಯುಗಳಿಗೆ ನರ ಮರಳಿದ್ದು ಉತ್ತಮವಾಗಿತ್ತು. ಇದಕ್ಕೆ ವಿಶೇಷ ವಸ್ತು ಬೇಡ, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ನರಕ್ಕೆ ತಾಗಿಸಿದ ತಂತಿ ಸಾಕು. ಎಲ್ಲ ಕಡೆಯೂ ಇದನ್ನು ಮಾಡುವುದಿಲ್ಲ. ನಿಮ್ಮ ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ಅಂಗಡಿಯಲ್ಲಿ ಕೊಂಡು ಚರ್ಮದ ಮೇಲೆ ಅಂಟಿಸಿಕೊಳ್ಳುವ ಯಂತ್ರಗಳನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ.

ಇನ್ನೊಂದನ್ನು ಖಂಡಿತ ಕೇಳಿ. ಗಾಯ ಮೊಣಕೈಯ ಹತ್ತಿರವಿರುವುದರಿಂದ, ಮುಂದೋಳಿನ ಒಳಗೆ ಪ್ರೊನೇಟರ್ ಕ್ವಾಡ್ರೇಟಸ್ ಎಂಬ ಸ್ನಾಯುವಿಗೆ ಹೋಗುವ ನರದ ತುದಿಯನ್ನು ಮಣಿಕಟ್ಟಿನ ಬಳಿ ಅಲ್ನಾರ್ ನರದ ಚಲನ ಶಾಖೆಗೆ ಜೋಡಿಸುವ ಪೂರಕ ಶಸ್ತ್ರಕ್ರಿಯೆಯೊಂದಿದೆ. ಆ ಜೋಡಣೆಯಿಂದ ಅಂಗೈ ಸ್ನಾಯುಗಳಿಗೆ ಇರುವ ದೂರ ತೀರಾ ಕಡಿಮೆ, ಹೀಗಾಗಿ ಮೇಲಿನಿಂದ ಬರುವ ತಂತುಗಳಿಗಾಗಿ ಸ್ನಾಯು ಅಷ್ಟು ಕಾಲ ಕಾಯಬೇಕಾಗುವುದಿಲ್ಲ. ಮುಂದೋಳನ್ನು ತಿರುಗಿಸುವ ಕೆಲಸಕ್ಕೆ ಇನ್ನೊಂದು ಸ್ನಾಯು ಇರುವುದರಿಂದ ನಷ್ಟ ಅಷ್ಟಾಗಿ ಗೊತ್ತಾಗುವುದಿಲ್ಲ. ನಿಮ್ಮ ರೋಗಿಗೆ ಅದು ಹೊಂದುತ್ತದೆಯೇ ಎಂಬುದನ್ನು ಪರೀಕ್ಷಿಸಿದವರೇ ಹೇಳಬೇಕು.

ಶಸ್ತ್ರಚಿಕಿತ್ಸೆಗೆ ಮೊದಲೂ ಆಮೇಲೂ ಬೆರಳಿನ ಕೀಲುಗಳು ಬಿಗಿಯದಂತೆ ದಿನವೂ ವ್ಯಾಯಾಮ ಮಾಡಿಸಿ, ಬೆರಳು ಮಡಚದಂತೆ ತಡೆಯುವ ಪಟ್ಟಿಯನ್ನು ಹಾಕಿಸಿ. ಕೀಲು ಗಟ್ಟಿಯಾಗಿಬಿಟ್ಟರೆ ನರ ಮರಳಿ ಬಂದರೂ ಬೆರಳು ಬಿಚ್ಚುವುದಿಲ್ಲ. ಸ್ಪರ್ಶವಿಲ್ಲದ ಬೆರಳುಗಳನ್ನು ಬಿಸಿ ಪಾತ್ರೆ, ಒಲೆ ಮತ್ತು ಕತ್ತಿಯಿಂದ ಕಾಪಾಡುವುದು ಮನೆಯವರ ಹೊಣೆ. ಮುಂದೆ ಪ್ರಗತಿಯನ್ನು ನೋಡಲು ವೈದ್ಯರು ನರದ ಹಾದಿಯ ಮೇಲೆ ಬೆರಳಿನಿಂದ ತಟ್ಟುತ್ತಾರೆ. ಜುಮ್ಮೆನ್ನುವ ಜಾಗ ತಿಂಗಳಿಂದ ತಿಂಗಳಿಗೆ ಕೆಳಕ್ಕೆ ಸರಿಯುತ್ತಿದ್ದರೆ ತಂತುಗಳು ಬೆಳೆಯುತ್ತಿವೆ ಎಂದು ಅರ್ಥ.

ಉತ್ತರ — ಇಂಗಾಲ

ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಗ್ರಾಫೀನ್ ಹೆಸರಿನಲ್ಲಿ ನರದ ಚಿಕಿತ್ಸೆ ಕೊಡುತ್ತೇವೆಂದು ಯಾರಾದರೂ ಹಣ ಕೇಳಿದರೆ, ಅದು ಪ್ರಯೋಗವೋ ಚಿಕಿತ್ಸೆಯೋ ಎಂದು ಮೊದಲು ಕೇಳಿ. ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ, ಅಂದರೆ ಸಿಟಿಆರ್‌ಐಯಲ್ಲಿ ಅದರ ಸಂಖ್ಯೆ ಇರಬೇಕು. 2009ರ ಜೂನ್‌ನಿಂದ ಪ್ರಯೋಗಗಳ ಮುಂಗಡ ನೋಂದಣಿ ಕಡ್ಡಾಯವಾಗಿದೆ, ಆ ಜಾಲತಾಣವನ್ನು ಯಾರು ಬೇಕಾದರೂ ಹುಡುಕಿ ನೋಡಬಹುದು. ನೋಂದಣಿ ಸಂಖ್ಯೆಯನ್ನಾಗಲಿ ನೀತಿ ಸಮಿತಿಯ ಒಪ್ಪಿಗೆಯನ್ನಾಗಲಿ ತೋರಿಸದವರ ಬಳಿ ಕೈ ಒಡ್ಡಬೇಡಿ.

2024ರಲ್ಲಿ ಮ್ಯಾಂಚೆಸ್ಟರ್ ಪ್ರದೇಶದಲ್ಲಿ ಗ್ರಾಫೀನ್ ಸಾಧನವೊಂದನ್ನು ಮೊದಲ ಬಾರಿಗೆ ಮನುಷ್ಯರ ಮೆದುಳಿನ ಮೇಲೆ ಇಟ್ಟ ಸುದ್ದಿಯನ್ನು ಮನೆಯವರು ಮುಂದೆ ಹಿಡಿಯಬಹುದು. ಅದು ಗೆಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯ ನಡುವೆ ಮೆದುಳಿನ ಸಂಕೇತಗಳನ್ನು ಓದಲು ಸ್ವಲ್ಪ ಹೊತ್ತು ಇಟ್ಟು ತೆಗೆದ ವಿದ್ಯುದ್ವಾರ. ನರವನ್ನು ಬೆಳೆಯಿಸುವ ಕೊಳವೆಗೂ ಅದಕ್ಕೂ ಸಂಬಂಧವಿಲ್ಲ. ಗ್ರಾಫೀನ್ ವೈದ್ಯಕೀಯಕ್ಕೆ ಮೊದಲು ಬರುವುದಾದರೆ ಹೀಗೆ, ಸಂಕೇತಗಳನ್ನು ಓದುವ ಅಥವಾ ಪ್ರಚೋದಿಸುವ ತೆಳುಹಾಳೆಯಾಗಿಯೇ ಬರುತ್ತದೆ ಎಂದು ನನಗನ್ನಿಸುತ್ತದೆ. ಕರಗಿಹೋಗಬೇಕಾದ ಕೊಳವೆಯೊಳಗೆ ಕರಗದ ಚೂರುಗಳನ್ನು ಬೆರೆಸುವ ದಾರಿ ಅದಕ್ಕಿಂತ ದೂರದ್ದು.

ಅಡಿಕೆತೋಟ

ಮುಂದಿನ ವಾರ ಸೂರಲ್ ಕಸಿಗೆ ದಿನ ಗೊತ್ತು ಮಾಡಿಸಿದ್ದೇವೆ. ಮಣಿಕಟ್ಟಿನ ಬಳಿಯ ಪೂರಕ ಜೋಡಣೆಯನ್ನೂ ಒಂದು ಗಂಟೆಯ ಪ್ರಚೋದನೆಯನ್ನೂ ಬರೆದುಕೊಂಡು ಹೋಗಿ ಕೇಳುತ್ತೇನೆ. ಬೆರಳಿಗೆ ಪಟ್ಟಿ ಇಂದೇ ಹಾಕಿಸಿದೆವು.